ಬರೆಯಲು ಹೊರಟ ಮಕ್ಕಳ ಅಪ್ಪ-ಆಯಿಯರಿಗೆ

ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲೂಕುಗಳ ಎಲ್ಲ ತಂದೆ-ತಾಯಂದಿರಿಗೆ,



ಪಿಯುಸಿ ಮುಗಿಯುವ ಹೊತ್ತಿಗೆ ನಿಮ್ಮಲ್ಲಿ ಕೆಲವರು ಮಗನನ್ನೋ ಮಗಳನ್ನೋ ಕರೆದುಕೊಂಡು ನಮ್ಮ ಮನೆಗೆ ಬರುತ್ತೀರಿ. ನಾನು ಈ ಭಾಗದ ಕಾಲೇಜುಗಳಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಬರುವ ಅಪ್ಪ-ಆಯಿಯರಲ್ಲಿ ಅನೇಕರು ಒಂದು ಕಾಲಕ್ಕೆ ನನ್ನ ಎದುರಿನ ಬೆಂಚಿನಲ್ಲಿ ಕೂತವರೇ. ಚಹಾ ಆಗುತ್ತದೆ, ಅಡಿಕೆ ದರ ಆಗುತ್ತದೆ, ಈ ವರ್ಷದ ಕೊಳೆರೋಗದ ಸುದ್ದಿಯೂ ಆಗುತ್ತದೆ. ಆಮೇಲೆ ವಿಷಯ ಹೊರಬೀಳುತ್ತದೆ. "ಅಕ್ಕೋರೇ, ಇವಳಿಗೆ ಕತೆ-ಕವನ ಬರೆಯೋದನ್ನ ಕಲಿಸೋ ಡಿಗ್ರಿ ಬೇಕಂತೆ. ದಿಲ್ಲಿ ಹತ್ರ ಎಲ್ಲೋ ಇದೆಯಂತೆ. ನೀವಾದರೂ ಒಂದು ಮಾತು ಹೇಳಿ." ಆ ಒಂದು ಮಾತು ಏನಾಗಿರಬೇಕು ಎಂಬುದನ್ನು ನೀವು ಮನೆಯಿಂದ ಹೊರಡುವಾಗಲೇ ನಿಶ್ಚಯ ಮಾಡಿಕೊಂಡು ಬಂದಿರುತ್ತೀರಿ. ನಾನು ಬೇಡ ಅನ್ನಬೇಕು, ಮಗಳು ಕೇಳಬೇಕು.

ನಾನು ಬೇಡ ಅನ್ನುವುದಿಲ್ಲ. ಅದಕ್ಕೆ ನಿಮ್ಮಲ್ಲಿ ಕೆಲವರಿಗೆ ನನ್ನ ಮೇಲೆ ಬೇಸರವಿದೆ ಎಂಬುದೂ ನನ್ನ ಕಿವಿಗೆ ಬಿದ್ದಿದೆ. ಹಾಗಾಗಿ ಒಬ್ಬೊಬ್ಬರಿಗೂ ಜಗಲಿಯಲ್ಲಿ ಹೇಳಿದ್ದನ್ನು ಒಟ್ಟಾಗಿ ಬರೆದುಬಿಡುತ್ತೇನೆ. ಹಿಡಿಸದಿದ್ದರೆ ಪತ್ರ ಮಡಚಿಡಿ. ಆದರೆ ಪೂರ್ತಿ ಓದಿ ಮಡಚಿಡಿ.

ಮೊದಲು ನಿಮ್ಮ ಮಾತನ್ನೇ ಎತ್ತಿಕೊಳ್ಳುತ್ತೇನೆ. ಬರೆಯುವುದನ್ನು ಕಾಲೇಜಿಗೆ ಹೋಗಿ ಕಲಿಯುವುದುಂಟೇ? ನಮ್ಮ ಜಿಲ್ಲೆಯಲ್ಲಿ ಯಾರು ಕಲಿತರು? ಹನೇಹಳ್ಳಿಯ ಯಶವಂತ ಚಿತ್ತಾಲರು ರಸಾಯನಶಾಸ್ತ್ರ ಓದಿ ಮುಂಬಯಿಯ ಕಾರ್ಖಾನೆ ಜಗತ್ತಿನಲ್ಲಿ ಆಯುಷ್ಯ ಕಳೆದರು. ಬರೆದದ್ದು ಮಾತ್ರ ಮತ್ತೆ ಮತ್ತೆ ಹನೇಹಳ್ಳಿಯನ್ನು. ಅವರಣ್ಣ ಗಂಗಾಧರ ಚಿತ್ತಾಲರು ಸರ್ಕಾರದ ಲೆಕ್ಕಪತ್ರ ನೋಡುತ್ತ ಕವಿಯಾದರು. ಗೋಕರ್ಣದ ಜಯಂತ ಕಾಯ್ಕಿಣಿ ಜೀವರಸಾಯನಶಾಸ್ತ್ರದವರು, ಅಂಕೋಲೆಯ ವಿವೇಕ ಶಾನಭಾಗ ಎಂಜಿನಿಯರು. ನಮ್ಮ ಶಿರಸಿಯ ಬಕ್ಕೆಮನೆಯ ನಾಗೇಶ ಹೆಗಡೆ ಓದಿದ್ದು ವಿಜ್ಞಾನ. ಇವರಲ್ಲಿ ಯಾರ ಕೈಯಲ್ಲೂ ಬರವಣಿಗೆಯ ಪದವಿಪತ್ರ ಇರಲಿಲ್ಲ. ನಿಮ್ಮ ವಾದ ಅಲ್ಲಿಗೆ ಗಟ್ಟಿಯಾಗಿಯೇ ಇದೆ, ಒಪ್ಪುತ್ತೇನೆ.

ಈ ಪದವಿಯನ್ನು ಶುರುಮಾಡಿದವರೂ ನಿಮ್ಮಷ್ಟೇ ಅನುಮಾನ ಇಟ್ಟುಕೊಂಡವರು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ 1936ರಲ್ಲಿ ಬರಹಗಾರರ ಕಮ್ಮಟವೊಂದು ಪದವಿ ತರಗತಿಯಾಗಿ ಆರಂಭವಾಯಿತು. ಬರೆಯುವುದನ್ನು ಕಲಿಸಲಾಗದು, ಬರೆಯುವವರಿಗೆ ಇಂಬು ಕೊಡಬಹುದು ಎಂಬುದು ಇಂದಿಗೂ ಅವರದೇ ನಿಲುವು. ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯ 1970ರಲ್ಲಿ ಎಂ.ಎ. ಶುರುಮಾಡಿದಾಗ ಮೊದಲು ಸೇರಿದ ಹುಡುಗ ಇಯಾನ್ ಮೆಕ್‌ಇವಾನ್, ಮುಂದೆ ಬೂಕರ್ ಪಡೆದ ಕಾದಂಬರಿಕಾರ. ನಮ್ಮ ದೇಶದಲ್ಲಿ ಇದು ತೀರಾ ಈಚಿನದು. ಹರಿಯಾಣದ ಸೋನಿಪತ್‌ನ ಅಶೋಕ ವಿಶ್ವವಿದ್ಯಾಲಯದಲ್ಲಿ ಪದವಿ ಹಂತದಲ್ಲೇ ಇಂಗ್ಲಿಷ್ ಸಾಹಿತ್ಯದ ಜೊತೆ ಸೃಜನಶೀಲ ಬರವಣಿಗೆ ಓದಬಹುದು. ದಿಲ್ಲಿಯ ಅಂಬೇಡ್ಕರ್ ವಿಶ್ವವಿದ್ಯಾಲಯದಲ್ಲಿ ಅದರದೇ ಎಂ.ಎ. ಇದೆ. ಮನೆಯಲ್ಲೇ ಕೂತು ಓದುವವರಿಗೆ ಇಗ್ನೋದ ಡಿಪ್ಲೊಮಾ ಇದೆ. ಮಕ್ಕಳು "ದಿಲ್ಲಿ ಹತ್ರ" ಅನ್ನುವುದು ಇವನ್ನೇ.

ಇಂಬು ಎಂದರೆ ಏನು ಎಂದು ಕೇಳುತ್ತೀರಿ. ಹತ್ತು-ಹನ್ನೆರಡು ಮಕ್ಕಳು ಒಂದು ಮೇಜಿನ ಸುತ್ತ ಕೂರುತ್ತಾರೆ. ಒಬ್ಬಳು ಬರೆದ ಕತೆಯನ್ನು ಉಳಿದವರು ಮೊದಲೇ ಓದಿಕೊಂಡು ಬಂದಿರುತ್ತಾರೆ. ಎಲ್ಲಿ ನಂಬಿದೆವು, ಎಲ್ಲಿ ನಂಬಲಿಲ್ಲ ಎಂದು ಅವಳ ಎದುರಿಗೇ ಹೇಳುತ್ತಾರೆ. ಅಷ್ಟು ಹೊತ್ತು ಅವಳು ಬಾಯಿ ಬಿಡುವಂತಿಲ್ಲ. ಆಮೇಲೆ ಮತ್ತೆ ಬರೆದು ತರಬೇಕು. ಪದವಿ ಮುಗಿಯುವವರೆಗೂ ಇದೇ ನಡೆಯುತ್ತದೆ. ತಾಳಮದ್ದಳೆ ಕೇಳಿ ಬೆಳೆದ ನಿಮಗೆ ಇದರ ಬಿಸಿ ಹೊಸದೇನಲ್ಲ. ಎದುರಿನ ಅರ್ಥಧಾರಿ ಒಂದು ಪ್ರಶ್ನೆ ಎಸೆದರೆ ಕೂತಲ್ಲೇ ಬೆವರಿದವರನ್ನು ನೀವೂ ಕಂಡಿದ್ದೀರಿ. ಹೊಸ್ತೋಟ ಮಂಜುನಾಥ ಭಾಗವತರು ನೂರಾರು ಪ್ರಸಂಗ ಬರೆದವರು, ಊರೂರು ತಿರುಗಿ ಯಕ್ಷಗಾನ ಕಲಿಸಿದವರು. ಕಲಿಸುವುದಕ್ಕೂ ಬರೆಯುವುದಕ್ಕೂ ನಂಟಿಲ್ಲ ಎಂದು ಅವರ ಶಿಷ್ಯರ ಮುಂದೆ ಹೇಳಿ ನೋಡಿ.

ಈಗ ಅರ್ಜಿಯ ವಿಚಾರ. ಎಂಜಿನಿಯರಿಂಗಿಗೆ ರ್‍ಯಾಂಕ್ ನೋಡುತ್ತಾರೆ, ಮುಗಿಯಿತು. ಇಲ್ಲಿ ಅಂಕಪಟ್ಟಿಯ ಜೊತೆಗೆ ಮಗು ತಾನು ಯಾರು, ಯಾಕೆ ಬರೆಯುತ್ತೇನೆ ಎಂದು ಒಂದೆರಡು ಪ್ರಬಂಧ ಬರೆಯಬೇಕು. ಕೆಲವೆಡೆ ಅಲ್ಲೇ ಕೂರಿಸಿ, ಗಡಿಯಾರ ಇಟ್ಟು ಬರೆಸುತ್ತಾರೆ, ಸಂದರ್ಶನ ಮಾಡುತ್ತಾರೆ. ಎಂ.ಎ.ಗೆ ಹೋಗುವವರಿಂದ ಕತೆ ಅಥವಾ ಕವಿತೆಯ ಹತ್ತಿಪ್ಪತ್ತು ಪುಟ ಕೇಳುವುದು ಹಲವು ಕಡೆ ರೂಢಿ. ಪರಿಚಯದ ಅಧ್ಯಾಪಕರ ಪತ್ರವೂ ಬೇಕಾಗುತ್ತದೆ. ಅಂದರೆ ಮಗುವಿನ ಬರಹವೇ ಮಗುವಿನ ಪ್ರವೇಶಪತ್ರ.

ಆ ಬರಹವನ್ನು ಅನೇಕ ಮಕ್ಕಳು ಕಳಿಸುವ ಮುಂಚೆ ನನಗೆ ತಂದು ತೋರಿಸುತ್ತಾರೆ. ಹೆಚ್ಚಿನವು ಒಂದೇ ಥರ. ಮುಂಜಾನೆಯ ಮಂಜು, ಹಸಿರು ಹೊದ್ದ ಬೆಟ್ಟ, ಜುಳುಜುಳು ಹಳ್ಳ, ಕೊನೆಗೆ ಪ್ರಕೃತಿಯನ್ನು ಉಳಿಸಬೇಕೆಂಬ ಕರೆ. ಅರ್ಧಕ್ಕರ್ಧ ಪ್ರಬಂಧಗಳಲ್ಲಿ ಬನವಾಸಿ ಬರುತ್ತದೆ, ಅದರ ಹಿಂದೆಯೇ ಪಂಪ ಬರುತ್ತಾನೆ. ಪಂಪ ಮಹಾಕವಿ ಹೌದು, ಬನವಾಸಿ ನಮ್ಮ ಶಿರಸಿ ತಾಲೂಕಿನಲ್ಲೇ ಇರುವುದೂ ಹೌದು. ಆದರೆ ಸಾವಿರದ ಚಿಲ್ಲರೆ ವರ್ಷ ಹಿಂದಿನವನನ್ನು ಪ್ರತಿ ಅರ್ಜಿಗೂ ಎಬ್ಬಿಸಿ ತರುವುದು ಅವನಿಗೂ ಕಷ್ಟ. ಮಂಜು-ಬೆಟ್ಟದ ಪ್ರಬಂಧವನ್ನು ಎರಡು ದಿನ ಹೋಂಸ್ಟೇಯಲ್ಲಿ ಉಳಿದ ಬೆಂಗಳೂರಿನ ಹುಡುಗನೂ ಬರೆಯಬಲ್ಲ. ಹದಿನೆಂಟು ವರ್ಷ ಇಲ್ಲಿಯೇ ಉಂಡು ಮಲಗಿದ ಮಗುವಿಗೆ ಅವನಿಗಿಂತ ಹೆಚ್ಚು ಗೊತ್ತಿರಲೇಬೇಕಲ್ಲ. ಗೊತ್ತಿದೆ. ಬರೆಯುವುದಿಲ್ಲ.

ಯಾಕೆ ಬರೆಯುವುದಿಲ್ಲ ಎಂದು ಕೇಳಿದರೆ ಉತ್ತರ ಮೆಲ್ಲಗೆ ಬರುತ್ತದೆ: "ಮನೇಲಿ ಬೈತಾರೆ."

ಈ ಪತ್ರ ಬರೆದದ್ದೇ ಈ ಮೂರಕ್ಷರದ "ಬೈತಾರೆ"ಗಾಗಿ. ಮಗು ಬರೆಯಲು ಕೂತರೆ ಅದರ ಎದುರಿಗೆ ಇರುವುದು ನೀವು. ಹಿಸ್ಸೆ ಆಗದ ತೋಟ, ಮಾತು ಬಿಟ್ಟ ಎರಡು ಮನೆಗಳ ನಡುವಿನ ಒಂದೇ ಬಾವಿ, ಹುಬ್ಬಳ್ಳಿಯ ಆಸ್ಪತ್ರೆಗೆ ಗುಟ್ಟಾಗಿ ಹೋಗಿ ಬಂದ ಅತ್ತೆ, ಬೆಂಗಳೂರಿನಿಂದ ಹಬ್ಬಕ್ಕೂ ಬಾರದ ದೊಡ್ಡಪ್ಪನ ಮಗ. ಅದರ ಕತೆ ಇಲ್ಲಿದೆ. ಆದರೆ ಮನೆಯ ಮಾತು ಮೆಟ್ಟಿಲು ಇಳಿಯಬಾರದು ಎಂದು ಅದಕ್ಕೆ ಮಾತು ಬಂದಾಗಿನಿಂದ ಹೇಳಿಕೊಟ್ಟಿದ್ದೀರಿ. ಹತ್ತು ಮನೆಯ ಊರು, ಎಲ್ಲರೂ ಎಲ್ಲರಿಗೂ ನೆಂಟರು, ಹೆಸರು ಬದಲಿಸಿದರೂ ಗುರುತು ಸಿಗುತ್ತದೆ. ಹೆಣ್ಣುಮಗುವಾದರೆ ಇನ್ನೂ ಒಂದು ಹೆದರಿಕೆ ಸೇರುತ್ತದೆ: ಇಂಥದ್ದೆಲ್ಲ ಬರೆಯುವವಳನ್ನು ನಾಳೆ ಯಾರ ಮನೆಯಲ್ಲಿ ತಂದುಕೊಳ್ಳುತ್ತಾರೆ? ಹಾಗಾಗಿ ಮಗು ಜಾಣತನ ಮಾಡುತ್ತದೆ. ಮಂಜಿನ ಬಗ್ಗೆ ಬರೆಯುತ್ತದೆ. ಮಂಜಿಗೆ ನೆಂಟರಿಲ್ಲ.

ನಿಮ್ಮ ಹೆದರಿಕೆಯನ್ನು ನಾನು ಹಗುರ ಮಾಡುತ್ತಿಲ್ಲ. ಈ ಊರುಗಳಲ್ಲಿಯೇ ಬದುಕಿದವಳು ನಾನು. ಆದರೆ ನಮ್ಮ ಜಿಲ್ಲೆಯ ಚರಿತ್ರೆ ನಿಮ್ಮ ಪರವಾಗಿ ಸಾಕ್ಷಿ ಹೇಳುವುದಿಲ್ಲ. ಹೊನ್ನಾವರದ ಕರ್ಕಿಯ ವೆಂಕಟರಮಣ ಶಾಸ್ತ್ರಿ ಸೂರಿಯವರು 1887ರಲ್ಲಿ "ಇಗ್ಗಪ್ಪ ಹೆಗ್ಗಡೆ ವಿವಾಹ ಪ್ರಹಸನ" ಬರೆದರು. ಹೊಸಗನ್ನಡದ ಮೊದಲ ಸಾಮಾಜಿಕ ನಾಟಕ ಎಂದು ಸಾಹಿತ್ಯ ಚರಿತ್ರೆಕಾರರು ಲೆಕ್ಕಕ್ಕೆ ಹಿಡಿಯುವ ಕೃತಿ ಅದು. ಏನಿದೆ ಅದರಲ್ಲಿ? ಹಣ ತೆಗೆದುಕೊಂಡು ಎಳೆಯ ಹುಡುಗಿಯರನ್ನು ವಯಸ್ಸಾದವರಿಗೆ ಮದುವೆ ಮಾಡಿಕೊಡುತ್ತಿದ್ದ ಆಗಿನ ಹವ್ಯಕರ ಮನೆಗಳ ಸಂಗತಿ, ಹವ್ಯಕರದೇ ಆಡುಮಾತಿನಲ್ಲಿ. ತನ್ನ ಜನ, ತನ್ನ ಮಾತು, ತನ್ನವರ ಹುಳುಕು. ಆ ಕಾಲದಲ್ಲಿ ಅದನ್ನು ಓದಿದವರ ಮುಖ ಹೇಗಾಗಿದ್ದೀತು ಎಂದು ಊಹಿಸಿ. ಇಂದು ಅದೇ ಪ್ರಹಸನ ಕನ್ನಡ ಎಂ.ಎ. ಪಾಠದಲ್ಲಿ ಬಂದಾಗ, ನಮ್ಮ ಜಿಲ್ಲೆಯವರು ಬರೆದದ್ದು ಎಂದು ಎದೆಯುಬ್ಬಿಸುವವರು ನಾವೇ.

ಯಲ್ಲಾಪುರ ಕಡೆಯ ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಊರು, ಹೆಸರು ಬಿಟ್ಟಿದ್ದೇನೆ. ಅವಳೂ ಮೊದಲು ತಂದದ್ದು ಮಂಜಿನ ಪ್ರಬಂಧವೇ. ಅದನ್ನು ಪಕ್ಕಕ್ಕಿಟ್ಟು, ಕಳೆದ ಶನಿವಾರ ನಿಮ್ಮ ಮನೆಯಲ್ಲಿ ಯಾರು ಏನು ಮಾಡುತ್ತಿದ್ದರು ಎಂದು ಕೇಳಿದೆ. ಅಪ್ಪಚ್ಚಿ, ಅಂದರೆ ಅವಳ ಚಿಕ್ಕಪ್ಪ, ಇಸ್ತ್ರಿ ಮಾಡುತ್ತಿದ್ದರು ಅಂದಳು. ಅಷ್ಟೇ ಬರೆದು ತಾ ಅಂದೆ. ತಂದಳು. ಅಪ್ಪಚ್ಚಿಗೆ ನಲವತ್ತು ಸಮೀಪಿಸಿದೆ, ತೋಟ ನೋಡಿಕೊಂಡು ಊರಲ್ಲೇ ಉಳಿದವರು, ಹೆಣ್ಣು ಸಿಕ್ಕಿಲ್ಲ. ಇದು ನಿಮ್ಮಲ್ಲಿ ಎಷ್ಟು ಮನೆಗಳ ಸಂಗತಿ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕಾಲಕ್ಕೆ ಭಾನುವಾರ ಬಂದರೆ ಹೆಣ್ಣು ನೋಡಲು ಹೊರಡುವುದಿತ್ತು. ಅದಕ್ಕೆ ಶನಿವಾರ ಸಂಜೆಯೇ ಅಂಗಿಗೆ ಇಸ್ತ್ರಿ. ಆ ಹೊತ್ತಿಗೆ ಕರೆಂಟು ಮಂದವಾಗಿ ವಿದ್ಯುತ್ ಪೆಟ್ಟಿಗೆ ಕಾಯುವುದಿಲ್ಲವೆಂದು ಅವರು ಬಚ್ಚಲೊಲೆಯಿಂದ ಗೆರಟೆ ಕೆಂಡ ತೆಗೆದು ಹಳೆಯ ಇಸ್ತ್ರಿಪೆಟ್ಟಿಗೆಗೆ ತುಂಬುತ್ತಾರೆ, ಚೊಂಬಿನಿಂದ ನೀರು ಚಿಮುಕಿಸುತ್ತಾರೆ, ಕಾಲರು ಮೊದಲು, ತೋಳು ಆಮೇಲೆ. ಈಗ ಎರಡು ವರ್ಷದಿಂದ ಯಾರ ಮನೆಗೂ ಹೋಗುವುದಿಲ್ಲ. ಶನಿವಾರ ಸಂಜೆಯ ಇಸ್ತ್ರಿ ನಿಂತಿಲ್ಲ. ಭಾನುವಾರ ಆ ಅಂಗಿ ಹಾಕಿಕೊಂಡು ಸೊಸೈಟಿವರೆಗೆ ಹೋಗಿ ಬರುತ್ತಾರೆ. ನಾಲ್ಕು ಪುಟ. ಕೊನೆಯಲ್ಲಿ ಸಂದೇಶ ಇಲ್ಲ.

ಮರುವಾರ ಅವಳ ಅಪ್ಪ ಬಂದರು. ಕೈಯಲ್ಲಿ ಆ ನಾಲ್ಕು ಪುಟ. "ಅಕ್ಕೋರೇ, ಇದೊಂದು ಕಳಿಸೋದು ಬೇಡ. ತಮ್ಮನ ಮಾನ ತೆಗೆದಹಾಗೆ ಆಗ್ತದೆ." ಇನ್ನೊಮ್ಮೆ ಇಲ್ಲೇ ಕೂತು ಓದಿ ಅಂದೆ. ಓದಿದರು. ಬಹಳ ಹೊತ್ತು ಏನೂ ಹೇಳಲಿಲ್ಲ. ಕೊನೆಗೆ ಎರಡನೆಯ ಪುಟದ ಮೇಲೆ ಬೆರಳಿಟ್ಟು, "ಅಂಗಿ ನೀಲಿ ಅಲ್ಲ, ತಿಳಿಹಸಿರು. ನಾನೇ ತಂದುಕೊಟ್ಟಿದ್ದು" ಅಂದರು. ತಮ್ಮನಿಗೆ ತೋರಿಸಿದಿರಾ ಎಂದು ಕೇಳಿದೆ. ಅವರಿಗೆ ಗಾಬರಿ. ಬಾಗಿಲ ಹತ್ತಿರ ನಿಂತಿದ್ದ ಹುಡುಗಿ, "ಅಪ್ಪಚ್ಚಿಯೇ ಮೊದಲು ಓದಿದ್ದು" ಅಂದಳು.

ಬರಹ ಹೋಯಿತು, ತಿಳಿಹಸಿರು ಅಂಗಿಯೊಂದಿಗೆ. ಸೀಟೂ ಬಂತು. ಸಿಕ್ಕ ಶುಲ್ಕ ರಿಯಾಯಿತಿ ಮಾತ್ರ ಅವರ ಮನೆಯ ಅಳತೆಗೆ ಸಾಲಲಿಲ್ಲ, ಅವಳು ಹೋಗಲಿಲ್ಲ. ಈಗ ಇಲ್ಲೇ ಹತ್ತಿರದ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದಾಳೆ, ಐಚ್ಛಿಕ ಕನ್ನಡ ತೆಗೆದುಕೊಂಡು. ಅರ್ಜಿ ಹಾಕಿದವರೆಲ್ಲ ಗೆದ್ದರು ಎಂದು ಹೇಳಿ ನಿಮ್ಮನ್ನು ಒಪ್ಪಿಸುವ ಆಸೆ ನನಗಿಲ್ಲ. ಆದರೆ ಆ ನಾಲ್ಕು ಪುಟ ಬರೆಯುವುದಕ್ಕೆ ಮೊದಲಿನ ಹುಡುಗಿ ಬೇರೆ, ಆಮೇಲಿನವಳು ಬೇರೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇಲ್ಲಿ ಒಂದು ಅಳತೆಯನ್ನೂ ಹೇಳಬೇಕು. ಮನೆಯವರ ಬಗ್ಗೆ ಬರೆಯುವುದೆಂದರೆ ಸೇಡು ತೀರಿಸಿಕೊಳ್ಳುವುದು ಎಂದು ತಿಳಿದ ಮಕ್ಕಳೂ ಇದ್ದಾರೆ, ಅವರಿಗೂ ನಾನು ಬೇರೆಯಾಗಿ ಹೇಳುತ್ತೇನೆ. ಹೆಸರು ಬದಲಿಸು, ಊರು ಬದಲಿಸು, ಕಾಯಿಲೆಯ ಹೆಸರು ಬೇಡವೆಂದರೆ ಬಿಡು. ನಡೆದದ್ದರ ಸತ್ವ ಮಾತ್ರ ಬದಲಿಸಬೇಡ. ನಿಮ್ಮಲ್ಲಿ ನನ್ನ ಬೇಡಿಕೆಯೂ ಅಷ್ಟಕ್ಕೇ. ಓದಿ, ಆದರೆ ತಿದ್ದಬೇಡಿ. ಅಂಗಿಯ ಬಣ್ಣ ತಪ್ಪಿದ್ದರೆ ಧಾರಾಳವಾಗಿ ಹೇಳಿ. ಅಂಗಿಯನ್ನೇ ತೆಗೆದುಹಾಕು ಎನ್ನಬೇಡಿ.

ಈ ಪತ್ರ ತೋಟ ಇರುವ ಮನೆಗಳಿಗೆ ಮಾತ್ರ ಎಂದು ಯಾರೂ ಭಾವಿಸಬಾರದು. ತೋಟದಲ್ಲಿ ಕೊನೆ ಕೊಯ್ಯುವವರ ಮಕ್ಕಳು, ಅಡಿಕೆ ಸುಲಿಯಲು ಬರುವ ಹೆಂಗಸರ ಮಕ್ಕಳು ಈಗ ನನ್ನ ಜಗಲಿಗೆ ಹೆಚ್ಚು ಬರುತ್ತಿದ್ದಾರೆ. ಮೆಟ್ಟುಗತ್ತಿಯ ಮುಂದೆ ರಾತ್ರಿ ಹನ್ನೊಂದರವರೆಗೆ ಕೂತು ಆಡುವ ಮಾತನ್ನು ಮನೆಯೊಡೆಯರ ಮಕ್ಕಳು ಮಾಳಿಗೆಯಿಂದ ಕೇಳಿರಬಹುದು, ಇವರು ಪಕ್ಕದಲ್ಲೇ ಕೂತು ಕೇಳಿದವರು. ಯಲ್ಲಾಪುರದ ಸಿದ್ದಿ ಕುಟುಂಬಗಳ ತಂದೆ-ತಾಯಂದಿರಿಗೆ ಮುದ್ದಾಂ ಒಂದು ಮಾತು. ಮಂಚಿಕೇರಿಯಲ್ಲಿ ನಿಮ್ಮ ಹಿರಿಯರು ಚಿದಂಬರರಾವ್ ಜಂಬೆಯವರ ನಿರ್ದೇಶನದಲ್ಲಿ "ಕಪ್ಪು ಜನ ಕೆಂಪು ನೆರಳು" ಆಡಿದರು. ನೈಜೀರಿಯಾದ ಚಿನುವ ಅಚಿಬೆಯ ಕಾದಂಬರಿ ಕನ್ನಡದ ರಂಗಕ್ಕೆ ಬಂದದ್ದು ನಿಮ್ಮವರ ಮೈ-ದನಿಯಲ್ಲಿ. ಆಡಿದವರು ನೀವು, ಬರೆದದ್ದು ಬೇರೆಯವರು. ನಿಮ್ಮ ಅಜ್ಜಿಯ ಕತೆಯನ್ನು ಬರೆಯಬೇಕಾದವರು ನಿಮ್ಮ ಮಕ್ಕಳೇ. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದೆ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿಡಿ. ಅರ್ಜಿಯ ಕೊನೆಯ ವಾರ ನಾಡಕಚೇರಿಗೆ ಅಲೆಯುವ ಹಾಗಾಗಬಾರದು.

ಹಣದ ಮಾತಿಗೆ ಬಂದೆವಲ್ಲ, ಬಿಗಿಯಾಗಿಯೇ ಹೇಳುತ್ತೇನೆ. ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಶುಲ್ಕ, ಹಾಸ್ಟೆಲು ಸೇರಿದರೆ ವರ್ಷಕ್ಕೆ ಹತ್ತು ಲಕ್ಷ ರೂಪಾಯಿ ದಾಟುವುದುಂಟು. ಇದಕ್ಕಾಗಿ ತೋಟ ಅಡವಿಡಬೇಡಿ. ಬರವಣಿಗೆಯ ಪದವಿ ಪಡೆದು ಬಂದ ಕೂಡಲೇ ಸಾಲ ತೀರಿಸುವ ಸಂಬಳ ಸಿಗುತ್ತದೆಂದು ಹೇಳುವವರನ್ನು ನಂಬಬೇಡಿ. ಕತೆ-ಕವಿತೆಯಿಂದಲೇ ಉಂಡು ಬದುಕುವವರು ಕನ್ನಡದಲ್ಲಿ ಬೆರಳೆಣಿಕೆ. ಓದಿದವರಿಗೆ ಸಿಗುವ ಕೆಲಸ ಬೇರೆ ಇವೆ: ಪ್ರಕಾಶನ ಸಂಸ್ಥೆ, ಅನುವಾದ, ಸಿನಿಮಾ-ಧಾರಾವಾಹಿಯ ಸಂಭಾಷಣೆ, ಜಾಹೀರಾತು, ಪತ್ರಿಕೆ. ಕಾಲೇಜಿನಲ್ಲಿ ಕಲಿಸಬೇಕೆಂದರೆ ಎಂ.ಎ. ಮುಗಿಸಿ ಸಾಮಾನ್ಯವಾಗಿ ನೆಟ್ ಅಥವಾ ಕೆ-ಸೆಟ್ ಪಾಸಾಗಬೇಕು. ಆದರೆ ಹಣವಿಲ್ಲ ಎಂದು ಅರ್ಜಿಯನ್ನೇ ಹಾಕದಿರುವುದೂ ತಪ್ಪು. ಮನೆಯ ಆದಾಯ ನೋಡಿ ಶುಲ್ಕ ಕಡಿಮೆ ಮಾಡುವ ವ್ಯವಸ್ಥೆ ದೊಡ್ಡ ಖಾಸಗಿ ವಿಶ್ವವಿದ್ಯಾಲಯಗಳಲ್ಲಿದೆ. ಅದನ್ನು ಕೇಳುವುದು ಭಿಕ್ಷೆಯಲ್ಲ.

ಅಲ್ಲಿ ನಮ್ಮವರು ಎಡವುವ ಜಾಗ ಒಂದಿದೆ. ಪಹಣಿ ಅಜ್ಜನ ಹೆಸರಿನಲ್ಲಿ ಒಟ್ಟಾಗಿಯೇ ಇರುತ್ತದೆ, ನಿಮ್ಮ ಪಾಲಿಗೆ ಬರುವುದು ನಾಲ್ಕರಲ್ಲೊಂದು. ಸೊಸೈಟಿಯ ಆಸಾಮಿ ಖಾತೆಯಲ್ಲಿ ಅಡಿಕೆ ಬಿಟ್ಟ ಮೊತ್ತ ಕಾಣುತ್ತದೆ, ಅದರೊಳಗೆ ಕಳೆದ ವರ್ಷದ ಮುಂಗಡ ಎಷ್ಟು ಮುರಿದುಕೊಂಡರೆಂಬುದು ದೂರದವರಿಗೆ ಅರ್ಥವಾಗುವುದಿಲ್ಲ. ಸೋನಿಪತ್‌ನಲ್ಲಿ ಕೂತವರಿಗೆ ನೀವು ನಾಲ್ಕು ಎಕರೆ ಭಾಗಾಯ್ತಿನ ಶ್ರೀಮಂತರು. ಆದ್ದರಿಂದ ವಂಶವೃಕ್ಷದ ನಕಲು, ಪಾಲಿನ ವಿವರ, ಸಾಲದ ಬಾಕಿ ಪತ್ರ ಜೊತೆಗಿಟ್ಟು ಒಂದು ಪುಟ ವಿವರಣೆ ಬರೆಯಿರಿ. ಆ ಪುಟವನ್ನು ನೀವೇ ಬರೆಯಬೇಕು, ಮಗುವಿನಿಂದ ಬರೆಸಬೇಡಿ. ಮನೆಯ ಸಾಲವೆಷ್ಟು ಎಂದು ಮಗುವಿಗೆ ಹೇಳಲು ನಾಚಿಕೊಳ್ಳಲೂ ಬೇಡಿ. ಬರೆಯುವವಳಿಗೆ ಅದೂ ಗೊತ್ತಿರಬೇಕಾದ್ದೇ.

ಶಿಫಾರಸು ಪತ್ರಕ್ಕೆ ಶಾಸಕರ ಹತ್ತಿರ, ಸೊಸೈಟಿ ಅಧ್ಯಕ್ಷರ ಹತ್ತಿರ ಹೋಗಬೇಡಿ. ಹೋದವರಿದ್ದಾರೆ. ಲೆಟರ್‌ಹೆಡ್ಡಿನ ಮೇಲೆ "ಸದರಿಯವರು ಉತ್ತಮ ನಡತೆಯವರು" ಎಂದು ಬರೆಸಿ ತಂದದ್ದನ್ನೂ ನೋಡಿದ್ದೇನೆ. ಮಗುವಿನ ಬರಹ ಓದಿದ ಅಧ್ಯಾಪಕರು, ಊರ ವಾಚನಾಲಯ ನೋಡಿಕೊಳ್ಳುವವರಾದರೂ ಸರಿ, ಅವರ ಅರ್ಧ ಪುಟ ಸಾಕು. ಹಾಗೆಯೇ, ಹಣ ಕೊಟ್ಟು ಪ್ರಬಂಧ ಬರೆಸಬೇಡಿ, ಚಾಟ್‌ಜಿಪಿಟಿಯಿಂದಲೂ ಬರೆಸಬೇಡಿ. ಸಂದರ್ಶನದಲ್ಲಿ ಎರಡು ಪ್ರಶ್ನೆಗೆ ಗುಟ್ಟು ಬಯಲಾಗುತ್ತದೆ. ಇನ್ನೊಂದು ಚಿಕ್ಕ ವಿಷಯ: ನಮ್ಮಲ್ಲಿ ಗಾಳಿ ಬೀಸಿದರೆ ಕರೆಂಟಿಲ್ಲ, ಕರೆಂಟಿಲ್ಲದಿದ್ದರೆ ಟವರಿಲ್ಲ. ಕೊನೆಯ ದಿನ ಬೆಟ್ಟ ಹತ್ತಿ ಸಿಗ್ನಲ್ ಹುಡುಕುತ್ತ ಅರ್ಜಿ ಏರಿಸಲು ಹೊರಟು ಅಳುತ್ತ ಇಳಿದ ಮಕ್ಕಳಿದ್ದಾರೆ. ವಾರ ಮೊದಲೇ ಪೇಟೆಗೆ ಕರೆದುಕೊಂಡು ಹೋಗಿ ಮುಗಿಸಿ.

ಭಾಷೆಯ ಪ್ರಶ್ನೆ ನನಗೂ ನೋವಿನದು. ಈ ಪದವಿಗಳು ನಡೆಯುವುದು ಇಂಗ್ಲಿಷಿನಲ್ಲಿ. ಮಗು ಕನಸು ಕಾಣುವುದು, ಜಗಳವಾಡುವುದು ಕನ್ನಡದಲ್ಲಿ, ಅದೂ ನಮ್ಮ ಮನೆಮಾತಿನ ಕನ್ನಡದಲ್ಲಿ. ಅಮೆರಿಕದ ಟೆಕ್ಸಸ್ ರಾಜ್ಯದ ಎಲ್ ಪಾಸೊದಲ್ಲಿ, ಮೆಕ್ಸಿಕೋ ಗಡಿಯ ಆ ಊರಿನ ವಿಶ್ವವಿದ್ಯಾಲಯದಲ್ಲಿ, ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಬರೆಯಲು ಬಿಡುವ ಬರವಣಿಗೆಯ ಪದವಿಯಿದೆ. ಅಂಥದ್ದೊಂದು ನಮ್ಮ ಧಾರವಾಡದಲ್ಲಿ ಯಾಕಾಗಬಾರದು ಎಂದು ಕೇಳಬೇಕಾದವರು ಬೇರೆ, ಅವರಿಗೆ ಬೇರೆಯೇ ಪತ್ರ ಬರೆಯುತ್ತೇನೆ. ಅಲ್ಲಿಯವರೆಗೆ ಮಕ್ಕಳಿಗೆ ನಾನು ಹೇಳುವುದು ಇಷ್ಟು: ಮೊದಲು ಕನ್ನಡದಲ್ಲಿ ಬರೆ, ಆಮೇಲೆ ನೀನೇ ಇಂಗ್ಲಿಷಿಗೆ ತಾ, ಎರಡನ್ನೂ ಇಟ್ಟುಕೋ. 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂದದ್ದು ಹಾಸನದಲ್ಲಿ ವಕೀಲಿಕೆ ಮಾಡುತ್ತ ಕನ್ನಡದಲ್ಲಿ ಕತೆ ಬರೆದ ಬಾನು ಮುಷ್ತಾಕ್ ಅವರಿಗೆ ಮತ್ತು ಅವನ್ನು ಇಂಗ್ಲಿಷಿಗೆ ತಂದ ಕೊಡಗಿನ ದೀಪಾ ಭಾಸ್ತಿಯವರಿಗೆ. ಬಾನು ಅವರ ಕತೆಗಳು ಅವರ ಸುತ್ತಲಿನ ಮನೆಗಳ ಒಳಗಿನವೇ, ಅದಕ್ಕಾಗಿ ಅವರು ಬೈಸಿಕೊಂಡದ್ದೂ ಕಡಿಮೆಯಲ್ಲ.

ದೂರದ ಸೀಟು ಸಿಗಲಿಲ್ಲ, ಸಿಕ್ಕರೂ ಹೋಗಲಾಗಲಿಲ್ಲ ಎಂದಾದರೆ ಬಾಗಿಲು ಮುಚ್ಚಿತೆಂದು ಮಗುವನ್ನು ಬಿ.ಕಾಂ.ಗೆ ತಳ್ಳಬೇಡಿ. ನಮ್ಮ ಕಾಲೇಜುಗಳಲ್ಲಿ ಐಚ್ಛಿಕ ಕನ್ನಡ ಇದೆ. ಬೇರೆಲ್ಲೂ ಸೀಟು ಸಿಗದವರು ತೆಗೆದುಕೊಳ್ಳುವ ವಿಷಯ ಎಂದು ಅದನ್ನು ಮಾಡಿಟ್ಟವರು ನಾವೇ ದೊಡ್ಡವರು. ಬರೆಯುವ ನಾಲ್ಕು ಮಕ್ಕಳು ಆಸೆಯಿಂದ ಬಂದು ಮುಂದಿನ ಬೆಂಚಿನಲ್ಲಿ ಕೂತರೆ ಆ ತರಗತಿಯ ಚಹರೆಯೇ ಬದಲಾಗುತ್ತದೆ. ಸಿದ್ದಾಪುರದಿಂದ ಸಾಗರದ ದಾರಿ ಹಿಡಿದರೆ ಹೆಗ್ಗೋಡು. ಅಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್ ಇದೆ, ಅದರ ರಂಗಶಿಕ್ಷಣ ಕೇಂದ್ರ 1980ರಿಂದ ನಡೆದುಬಂದಿದೆ. ಒಂದು ವರ್ಷದ ಡಿಪ್ಲೊಮಾ, ಪಾಠ ಕನ್ನಡದಲ್ಲಿ. ಹೇಳಿಕೊಡುವುದು ನಾಟಕವನ್ನು, ಆದರೆ ಒಂದು ಮಾತು ಯಾರ ಬಾಯಲ್ಲಿ ಯಾಕೆ ಬರುತ್ತದೆ ಎಂದು ವರ್ಷವಿಡೀ ಯೋಚಿಸಿದವನ ಬರವಣಿಗೆಗೆ ಮೂಳೆ ಬರುತ್ತದೆ. ಜೊತೆಗೆ ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆಯಿದೆ, ಯುವ ಬರಹಗಾರರಿಗೆ ಕನ್ನಡ-ಇಂಗ್ಲಿಷ್ ಎರಡರಲ್ಲೂ ಟೋಟೊ ಪುರಸ್ಕಾರವಿದೆ, ಹಸ್ತಪ್ರತಿಗೆ ಬಹುಮಾನ ಕೊಡುವ ಛಂದ ಪುಸ್ತಕ ಪ್ರಕಾಶನವಿದೆ, ಚೊಚ್ಚಲ ಕೃತಿಗೆ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನವಿದೆ. ಅರ್ಜಿಗೆಂದು ಬರೆದ ಆ ಪುಟಗಳು ಇಲ್ಲೆಲ್ಲ ಕೆಲಸಕ್ಕೆ ಬರುತ್ತವೆ.

ಗಂಡುಮಕ್ಕಳ ಅಪ್ಪಂದಿರು ಕೇಳುವ ಇನ್ನೊಂದು ಪ್ರಶ್ನೆ ಉಳಿದಿದೆ: ಇವನೂ ಹೋದರೆ ತೋಟ ನೋಡುವವರು ಯಾರು? ಎಂಜಿನಿಯರಿಂಗ್ ಮಾಡಿ ಬೆಂಗಳೂರಿಗೆ ಹೋದ ಮಗನ ಬಗ್ಗೆ ಇದೇ ಪ್ರಶ್ನೆಯನ್ನು ಇಷ್ಟು ಗಟ್ಟಿಯಾಗಿ ಕೇಳಿದ್ದನ್ನು ನಾನು ಕಂಡಿಲ್ಲ. ನನ್ನಲ್ಲಿ ಇದಕ್ಕೆ ಉತ್ತರವೂ ಇಲ್ಲ. ಬರೆಯುವ ಹುಡುಗ ಮರಳಿ ಬರಲು ಉಳಿದವರಿಗಿಂತ ಒಂದು ಕಾರಣ ಹೆಚ್ಚಿಗೆ ಇಟ್ಟುಕೊಂಡಿರುತ್ತಾನೆ ಎಂದು ಮಾತ್ರ ಹೇಳಬಲ್ಲೆ. ಯಲ್ಲಾಪುರದ ಕತೆಗಾರ ಶ್ರೀಧರ ಬಳಗಾರರ ಹೆಸರಿನಲ್ಲೇ ಅವರ ಊರಿದೆ, ನೋಡಿ.

ಕೊನೆಯದಾಗಿ ಒಂದು ಕೋರಿಕೆ. ಉತ್ತರಗಳು ಬರುವುದು ಸಾಧಾರಣವಾಗಿ ಬೇಸಗೆಯ ಹೊತ್ತಿಗೆ, ನಮ್ಮಲ್ಲಿ ಮದುವೆ-ಮುಂಜಿಯ ಹಂಗಾಮು. ಪಂಕ್ತಿಯಲ್ಲಿ ಎಲೆ ಹಾಕುವಷ್ಟರಲ್ಲಿ ನೆಂಟರು ಕೇಳುತ್ತಾರೆ: "ಕೂಸಿನ ಅರ್ಜಿ ಏನಾಯ್ತು? ಅದೆಂತದೋ ಕತೆ ಬರೆಯೋ ಕಾಲೇಜಿಗೆ ಹಾಕಿತ್ತಲ್ಲ?" ಉತ್ತರ ಬಂದಿರಲಿ, ಬಾರದಿರಲಿ, ಇಲ್ಲವೆಂದೇ ಬಂದಿರಲಿ, ಆ ಪ್ರಶ್ನೆಗೆ ನೀವು ಉತ್ತರ ಕೊಡಿ. ಮಗುವಿನಿಂದ ಕೊಡಿಸಬೇಡಿ.

ಇಂತು ತಮ್ಮ ವಿಶ್ವಾಸದ,
ಒಬ್ಬ ನಿವೃತ್ತ ಕನ್ನಡ ಅಧ್ಯಾಪಕಿ
ಶಿರಸಿ, ಉತ್ತರ ಕನ್ನಡ